ಪದ ಬೇಕು: ‘ಗಾರ್ಜ್’ ಅಂದರೆ ಕಮರಿಯೋ, ಕೊಳ್ಳವೋ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಇಂಗ್ಲೆಂಡಿನ ಲೀಡ್ಸ್ ಸುತ್ತಲಿನ ನಾವು ಕೆಲವು ಕನ್ನಡದ ಮನೆಯವರು ಯಾರ್ಕ್‌ಷೈರ್‌ನ ಮ್ಯಾಲಮ್‌ಗೆ ಹೊರಟಿದ್ದೇವೆ. ಊರಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ ಒಂದು ಪುಟದ ದಾರಿ ವಿವರ ಬರೆಯುತ್ತಿದ್ದೇನೆ. ಹಳ್ಳದ ಬದಿಯಲ್ಲೇ ಕಾಲುದಾರಿ. ನಡುವೆ ಜ್ಯಾನೆಟ್ಸ್ ಫಾಸ್ ಅನ್ನೋ ಪುಟ್ಟ ಅಬ್ಬಿ. ನೀರಿನ ಸುಣ್ಣ ಪಾಚಿಯ ಮೇಲೆ ಕೂತು ಕೂತು ಕಲ್ಲಾಗಿದೆ. ಅದರ ಮಡುವಿನಲ್ಲಿ ಹಿಂದೆ ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯುತ್ತಿದ್ದರಂತೆ. ಕೊನೆಗೆ ಗಾರ್ಡೇಲ್ ಸ್ಕಾರ್: ಎರಡೂ ಕಡೆ 100 ಮೀಟರಿಗೂ ಎತ್ತರದ ಸುಣ್ಣಕಲ್ಲಿನ ಗೋಡೆ, ನಡುವೆ ಹಳ್ಳ. ಇಂಗ್ಲಿಷಿನಲ್ಲಿ ‘ಗಾರ್ಜ್’ ಅನ್ನೋ ಇದಕ್ಕೆ ಕನ್ನಡದಲ್ಲಿ ಏನನ್ನಲಿ? ‘ಕಂದರ’ ಅಂತ ಬರೆದಿದ್ದೆ. ಅಮ್ಮ ‘ಗುಹೆನಾ?’ ಅಂದರು.

(ಧಾರವಾಡ) ಕೊಳ್ಳ. ಇದಕ್ಕೆ ಚರ್ಚೆ ಯಾಕ ಬೇಕು ತಂಗಿ? ಅಮ್ಮ ಕೇಳಿದ್ದು ಸರಿನೇ ಅದ. ಸಂಸ್ಕೃತದಾಗ ಕಂದರ ಅಂದ್ರ ಗುಹೆನೂ ಹೌದು.

(ತೀರ್ಥಹಳ್ಳಿ) ಕೊಳ್ಳ ಅಗಲವಾಗಿಯೂ ಇರಬಹುದು. ಕಮರಿ ಅನ್ನಿ, ಅಚ್ಚಗನ್ನಡ.

(ಮೈಸೂರು) ಕಮರಿ ಬೇಡವೇ ಬೇಡ. ಪೇಪರಿನಲ್ಲಿ ‘ಬಸ್ಸು ಕಮರಿಗೆ ಬಿತ್ತು’ ಅಂತ ಬರುತ್ತದೆ, ಅಲ್ವಾ? ಕಮರಿಯನ್ನು ಮೇಲೆ ನಿಂತು ನೋಡುತ್ತೇವೆ. ಇವರು ಬುಡದಲ್ಲಿ ನಡೆದು ಒಳಗೆ ಹೋಗುವವರು. ಇದು ಕಂಡಿ, ಅಷ್ಟೇ. ಕಿಂಡಿ ಇದರ ಒಡಹುಟ್ಟು, ಗಂಡಿ ಇನ್ನೊಂದು. ಪೆನ್ನಾ ನದಿ ಬೆಟ್ಟ ಸೀಳಿದ ಕಡೆ ಗಂಡಿಕೋಟೆ ಅಂತ ಸುಮ್ನೆ ಹೆಸರಿಟ್ಟರೇ?

(ತೀರ್ಥಹಳ್ಳಿ) ಗಂಡಿಕೋಟೆ ಇರುವುದು ಆಂಧ್ರದಲ್ಲಿ.

(ಮೈಸೂರು) ಓಹೋ. ಸಂಸ್ಕೃತದ್ದಾದರೆ ಮನೆಯದು, ತೆಲುಗಿನದಾದರೆ ಕಡವೋ? ಇಂಗ್ಲಿಷಿನವರನ್ನೇ ನೋಡಿ. ಆ ದಾರಿಯಲ್ಲಿರುವ ಬೆಕ್ (ಹಳ್ಳ), ಫಾಸ್ (ಅಬ್ಬಿ), ಸ್ಕಾರ್ (ಕಡಿದಾದ ಬಂಡೆ) ಮೂರೂ ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನ ಮಾತುಗಳು. ‘ಗಾರ್ಜ್’ ಫ್ರೆಂಚಿನ ಗಂಟಲು. ವೈಕಿಂಗರು ಬಂದು ಸಾವಿರ ವರ್ಷ ಮೇಲಾಯಿತು, ಯಾರೂ ವಾಪಸ್ ಕೇಳಿಲ್ಲ.

(ಬೆಂಗಳೂರು) ‘ಸುಣ್ಣಕಲ್ಲು’ ಹಳ್ಳಿ ಮಾತಾಯಿತು. ‘ಚೂರ್ಣಶಿಲೆ’ ಬಳಸಿದರೆ ಗಾಂಭೀರ್ಯ ಇರುತ್ತದೆ.

(ಕಲಬುರಗಿ) ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ರೀ. ಅರ್ಧ ಕರ್ನಾಟಕ ಅದರ ಮ್ಯಾಲೇ ಚಾಪೆ ಹಾಸಿ ಮಲಗಿತ್ತು. ಗಾಂಭೀರ್ಯ ಯಾರಿಗೆ ಬೇಕಾಗಿತ್ತು?

(ಲೀಡ್ಸ್) ಎಲ್ಲರಿಗೂ ಥ್ಯಾಂಕ್ಸ್. ‘ಸುಣ್ಣಕಲ್ಲಿನ ಇಕ್ಕಟ್ಟು ಕೊಳ್ಳ’ ಅಂತ ಹಾಕಿ ಪ್ರಿಂಟಿಗೆ ಕೊಟ್ಟೆ. ಕಂಡಿ ಅಂದಿದ್ದರೆ ನಮ್ಮಪ್ಪ ಬೇಲಿ ಹುಡುಕುತ್ತಿದ್ದರು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ಸಲೀಸು ದಾರಿ ಕೊಳ್ಳದೊಳಗಿನ ಅಬ್ಬಿಯ ಬುಡದವರೆಗೆ ಮಾತ್ರ. ಮುಂದೆ ಕೈಕಾಲು ಊರಿ ಬಂಡೆ ಹತ್ತಬೇಕು, ಹಿರಿಯರು ಅಲ್ಲಿಂದಲೇ ತಿರುಗಿ ಬನ್ನಿ.’

(ಮೈಸೂರು) ನಿಮ್ಮಿಷ್ಟ. ‘ಅಬ್ಬಿ’ಯೂ ಸರಿಯಿಲ್ಲ. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.