ಅಜ್ಜಿಯ ಕಲ್ಲಿನ ಡಬ್ಬಿಗೆ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟೆ

ಪ್ರಶ್ನೆ:
ಅಜ್ಜಿ ಕಾಶಿಯಾತ್ರೆಗೆ ಹೋದಾಗ ಆಗ್ರಾದಿಂದ ತಂದಿದ್ದ ಬಿಳಿ ಕಲ್ಲಿನ ಡಬ್ಬಿ ಇದು. ಅಂಗೈಯಗಲ ಅಷ್ಟೇ. ಮುಚ್ಚಳದ ಮೇಲೆ ಕೆಂಪು ಹೂವು, ಹಸಿರು ಎಲೆ, ಎಲ್ಲ ಕಲ್ಲಿನದೇ. ಅದರಲ್ಲಿ ಕುಂಕುಮ ಇಡುತ್ತಿದ್ದರು. ಕಲೆ ಹೋಗಲಿ ಅಂತ ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ಹುಣಸೆಹಣ್ಣಿನಲ್ಲಿ ಉಜ್ಜಿದೆ. ಹೊಳಪೇ ಹೋಯಿತು. ಒಂದು ಎಲೆ ಅಲ್ಲಾಡುತ್ತಿದೆ. ತುಂಬ ಬೇಜಾರಾಗಿದೆ. ಸರಿ ಮಾಡಬಹುದಾ?

ಉತ್ತರ 1:
ಇನ್ನು ಹುಳಿ ಮುಟ್ಟಿಸಬೇಡಿ. ಅಮೃತಶಿಲೆ ಸುಣ್ಣದ ಕಲ್ಲಿನ ಜಾತಿ, ಹುಳಿ ತಾಕಿದರೆ ಮೇಲ್ಮೈ ಕರಗುತ್ತದೆ. ಹಸಿರು ಕಲ್ಲು ಮ್ಯಾಲಕೈಟ್ ಆಗಿದ್ದರೆ ಅದಕ್ಕೂ ಆಗಿಬರುವುದಿಲ್ಲ. ಕಲ್ಲಿನೊಳಗೆ ಬಣ್ಣದ ಕಲ್ಲು ಕೂರಿಸುವ ಈ ಕೆಲಸಕ್ಕೆ ಪಚ್ಚೀಕಾರಿ ಅಂತಾರೆ. ತಾಜ್ ಮಹಲ್ ಗೋಡೆಯಲ್ಲಿರುವುದೂ ಇದೇ. ಒಂದೊಂದು ಎಸಳನ್ನೂ ಕಲ್ಲಿನಲ್ಲಿ ತೇಯ್ದು, ಅಷ್ಟೇ ಅಳತೆಯ ಗುಂಡಿ ಕೊರೆದು, ಅಂಟು ಹಾಕಿ ಕೂರಿಸುತ್ತಾರೆ. ಎಲೆ ಬಿದ್ದರೆ ಎತ್ತಿಡಿ. ಸೂಪರ್ ಗ್ಲೂ ಮಾತ್ರ ಬೇಡ. ಮತ್ತೆ ತೇಯ್ದರೆ ಹೊಳಪು ಬರುತ್ತದೆ, ಆದರೆ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ.

ಉತ್ತರ 2:
ಹುಳಿಗೆ ಮಂಕಾಗಿದೆ ಅಂದರೆ ಅಮೃತಶಿಲೆಯೇ, ಅಲ್ವಾ? ಬಳಪದ ಕಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ. ಕತ್ತಲಲ್ಲಿ ಮುಚ್ಚಳದ ಕೆಳಗಿನಿಂದ ಟಾರ್ಚ್ ಹಿಡಿಯಿರಿ. ಕೆಂಪು ಕಲ್ಲು ಕಾರ್ನೀಲಿಯನ್ ಅನ್ನುವ, ಬೆಳಕು ಹಾಯುವ ಜಾತಿಯದಾಗಿದ್ದರೆ ಕೆಂಡದ ಹಾಗೆ ಬೆಳಗುತ್ತದೆ.

ಕೇಳಿದವರು:
ಹಿಡಿದು ನೋಡಿದೆ! ಐದು ಎಸಳಲ್ಲಿ ನಾಲ್ಕು ಉರಿದವು. ಐದನೆಯದು ಕಪ್ಪಗೇ ಉಳಿಯಿತು, ಆಮೇಲೆ ಯಾರೋ ಕೂರಿಸಿರಬೇಕು. ಎಲೆ ಕಳಚಿತು. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟಿದ್ದೇನೆ. ಮುಂದಿನ ತಿಂಗಳು ತಮ್ಮ ದೆಹಲಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಆಗ್ರಾಕ್ಕೆ ಕಳಿಸುತ್ತೇನೆ.