1914ರ ಐರನ್ ಕ್ರಾಸ್‌ಗೆ ಹೊಸ ರಿಬ್ಬನ್ ಹಾಕಿದರೆ ತಪ್ಪಾ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಹಳೇ ಬಟ್ಟೆಗಳ ಸಂರಕ್ಷಣೆ ಕೆಲಸ ಮಾಡುತ್ತೀರಿ, ಪದಕಗಳ ರಿಬ್ಬನ್ನೂ ನೋಡುತ್ತೀರಿ ಅಂತ ಗ್ರೂಪಿನಲ್ಲಿ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ನಾನು ಹಾಸನದವನು, ಐದು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಹೋದ ತಿಂಗಳು ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಎರಡನೇ ದರ್ಜೆಯ ಐರನ್ ಕ್ರಾಸ್ (ಜರ್ಮನಿಯ ಹಳೇ ಸೈನಿಕ ಪದಕ) ಒಂದನ್ನು ಕೊಂಡೆ. ಒಂದು ಬದಿಯಲ್ಲಿ 1914 ಇದೆ, ಇನ್ನೊಂದು ಬದಿಯಲ್ಲಿ 1813. ಮಾರಿದವರು ಅದಕ್ಕೆ ಕಪ್ಪು, ಬಿಳಿ, ಕೆಂಪು ಬಣ್ಣದ ರಿಬ್ಬನ್ ಹಾಕಿ ಕೊಟ್ಟರು. ಜೊತೆಗೆ ಒಂದು ಕವರಿನಲ್ಲಿ ಕಪ್ಪು-ಬಿಳಿ ರಿಬ್ಬನ್ನಿನ ಹರಿದ ಚೂರೂ ಇತ್ತು. ಇವೆರಡರಲ್ಲಿ ಯಾವುದು ಸರಿ? ಈಗ ನೇಯ್ದ ಹೊಸ ರಿಬ್ಬನ್ ಸಿಗುತ್ತದೆ, ಅದನ್ನು ಹಾಕಿದರೆ ಪದಕದ ಬೆಲೆ ಬೀಳುತ್ತಾ? ಟೀ ನೀರಲ್ಲಿ ಅದ್ದಿದರೆ ಹಳೇದರ ಹಾಗೇ ಕಾಣುತ್ತದೆ ಅಂತ ಒಬ್ಬರು ಹೇಳಿದರು, ಮಾಡಬಹುದಾ?

ಉತ್ತರ: ನಮಸ್ಕಾರ. ಮೊದಲು ಟೀ ವಿಷಯ. ದಯವಿಟ್ಟು ಮಾಡಬೇಡಿ. ಟೀಯಲ್ಲಿ ಆಮ್ಲ ಇದೆ, ಅದು ನೂಲಿನಲ್ಲೇ ಉಳಿಯುತ್ತದೆ, ಪಕ್ಕದಲ್ಲಿರುವ ಕಬ್ಬಿಣಕ್ಕೂ ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯ ಅಂದರೆ, ನಿಮ್ಮ ನಂತರ ಇದನ್ನು ಕೊಳ್ಳುವವರಿಗೆ ನೀವು ಸುಳ್ಳು ಹೇಳಿದ ಹಾಗಾಗುತ್ತದೆ. ಹೊಸ ರಿಬ್ಬನ್ ಹಾಕುವುದು ತಪ್ಪಲ್ಲ. ಹೊಸದನ್ನು ಹಳೇದು ಅಂತ ತೋರಿಸುವುದು ತಪ್ಪು.

ಈಗ ಯಾವ ರಿಬ್ಬನ್ ಅನ್ನೋದು. ಹಿಂದಿರುವ 1813 ನೋಡಿ ಪದಕವೇ ಆ ವರ್ಷದ್ದು ಅಂದುಕೊಳ್ಳುವವರು ಜಾಸ್ತಿ ಇದ್ದಾರೆ. ಅದು ಪದಕ ಮೊದಲು ಶುರುವಾದ ವರ್ಷ. ನೆಪೋಲಿಯನ್ ವಿರುದ್ಧ ಯುದ್ಧ ನಡೆದಾಗ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ರಾಜ ಮೂರನೇ ಫ್ರೀಡ್ರಿಶ್ ವಿಲ್ಹೆಲ್ಮ್ ಇದನ್ನು ಸ್ಥಾಪಿಸಿದ, ಆಮೇಲೆ 1870, 1914, 1939ರಲ್ಲಿ ಮತ್ತೆ ಜಾರಿಗೆ ತಂದರು. ನಿಮ್ಮದರಲ್ಲಿ ಮುಂದೆ ಕಿರೀಟ, ನಡುವೆ W ಅಕ್ಷರ, ಕೆಳಗೆ 1914 ಇದ್ದರೆ ಅದು ಮೊದಲ ಮಹಾಯುದ್ಧದ್ದು. ಅದರ ರಿಬ್ಬನ್ನಿಗೆ ಪ್ರಷ್ಯಾದ ಬಣ್ಣ: ಕಪ್ಪು ಪಟ್ಟಿ, ಎರಡೂ ಅಂಚಿನ ಹತ್ತಿರ ಒಂದೊಂದು ಬಿಳಿ ಗೆರೆ. ಯುದ್ಧಭೂಮಿಗೆ ಹೋಗದೆ ಬೇರೆ ಸೇವೆ ಮಾಡಿದವರಿಗೆ ಇದೇ ಬಣ್ಣ ತಿರುಗುಮುರುಗು, ಬಿಳಿ ಪಟ್ಟಿಯ ಮೇಲೆ ಕಪ್ಪು ಗೆರೆ. ನಡುವೆ ಅಗಲವಾದ ಕೆಂಪು ಇರುವುದು 1939ರ ರಿಬ್ಬನ್. ಅಂದರೆ ಮಾರಿದವರು ಹಾಕಿಕೊಟ್ಟಿದ್ದು ತಪ್ಪು, ಕವರಿನಲ್ಲಿ ಸುಮ್ನೆ ತುರುಕಿ ಕೊಟ್ಟ ಹರಕಲು ಚೂರೇ ಸರಿ! ಅದನ್ನು ಎಸೆಯಬೇಡಿ.

ಆ ಚೂರನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಭಾಗ ಪುಡಿಪುಡಿಯಾಗಿ ಬಿಳಿ ಗೆರೆ ಮಾತ್ರ ಗಟ್ಟಿಯಾಗಿ ಉಳಿದಿದೆಯಾ? ಕೆಲವದರಲ್ಲಿ ಹಾಗಾಗಿರುತ್ತದೆ. ಆ ಕಾಲದಲ್ಲಿ ರೇಷ್ಮೆಗೆ ಕಪ್ಪು ಬಣ್ಣ ಹಾಕಲು ಕಬ್ಬಿಣದ ಉಪ್ಪು ಮತ್ತು ಟ್ಯಾನಿನ್ (ಗಿಡಗಳಿಂದ ಬರುವ ಒಗರು ಪದಾರ್ಥ) ಬಳಸುತ್ತಿದ್ದರು, ಆ ಕಬ್ಬಿಣವೇ ವರ್ಷ ಕಳೆದಂತೆ ನೂಲನ್ನು ತಿನ್ನುತ್ತದೆ. ಇನ್ನೊಂದು, ರೇಷ್ಮೆಗೆ ತೂಕ ಬರಲಿ ಅಂತ ತವರದ ಉಪ್ಪು ಸೇರಿಸುವ ಅಭ್ಯಾಸವೂ ಆಗ ಇತ್ತು, ಅಂಥ ಬಟ್ಟೆ ಮಡಿಕೆ ಇದ್ದಲ್ಲೇ ಸೀಳುತ್ತದೆ. ಅಜ್ಜಿಯ ಹಳೇ ರೇಷ್ಮೆ ಸೀರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದು ಆ ಗೆರೆಗುಂಟ ಹರಿಯುವುದನ್ನು ನೋಡಿದ್ದೀರಲ್ವಾ, ಕಣ್ಣಿಗೆ ಹಾಗೇ ಕಾಣುತ್ತದೆ. ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಮತ್ತೆ ಪದಕದ ಮೇಲಿನ ಉಂಗುರಕ್ಕೆ ಪೋಣಿಸಲೂ ಬೇಡಿ. ಆಮ್ಲವಿಲ್ಲದ ಕಾಗದದ ಮೇಲೆ ಚಪ್ಪಟೆಯಾಗಿ ಇಡಿ.

ಪದಕಕ್ಕೆ ಹೊಸ ರಿಬ್ಬನ್ ಧಾರಾಳವಾಗಿ ಹಾಕಿ. ಸೈನಿಕರು ಆಗ ದಿನಾ ಧರಿಸುತ್ತಿದ್ದುದೇ ರಿಬ್ಬನ್ನನ್ನು, ಅಂಗಿಯ ಗುಂಡಿತೂತಿಗೆ ಹಾಕಿಕೊಂಡು. ಮಳೆ, ಕೆಸರು, ಬೆವರಿನಲ್ಲಿ ಅದು ಹಾಳಾದಾಗ ಬೇರೆ ಹಾಕಿಕೊಳ್ಳುತ್ತಿದ್ದರು. ಹಾಗಾಗಿ ರಿಬ್ಬನ್ ಬದಲಾದ ಮಾತ್ರಕ್ಕೆ ಪದಕದ ಮಾನ ಹೋಗುವುದಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ತಪ್ಪು ಬಣ್ಣದ ಹಳೇ ರಿಬ್ಬನ್ನಿಗಿಂತ ಸರಿ ಬಣ್ಣದ ಹೊಸದೇ ಮೇಲು. 15 ರಿಂದ 20 ಸೆಂಟಿಮೀಟರ್ ಉದ್ದ ಸಾಕು. ಅಗಲವನ್ನು ನಿಮ್ಮ ಹಳೇ ಚೂರಿನಿಂದಲೇ ಅಳೆಯಿರಿ, ಬಿಳಿ ಗೆರೆ ಅಂಚಿನಿಂದ ಎಷ್ಟು ದೂರ ಇದೆ ಅನ್ನೋದನ್ನೂ ನೋಡಿ. ಹೊಸ ನೇಯ್ಗೆಯವರು ಎಡವುವುದು ಅಲ್ಲೇ. ಹಾಕಿದ ಮೇಲೆ ಒಳಬದಿಯಲ್ಲಿ ಬೇರೆ ಬಣ್ಣದ ದಾರದಿಂದ ಒಂದು ಹೊಲಿಗೆ ಹಾಕಿ, ಚೀಟಿಯಲ್ಲಿ ‘ರಿಬ್ಬನ್ ಹೊಸದು’ ಅಂತ ವರ್ಷದ ಸಮೇತ ಬರೆದಿಡಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಮಧ್ಯೆ ಬಂದೆ, ಕ್ಷಮಿಸಿ. ಯುವಿ ಟಾರ್ಚ್ ಬಿಟ್ಟಾಗ ಹೊಳೆದರೆ ನಕಲಿ ಅಂತಾರಲ್ಲ, ಅದನ್ನು ನಂಬಬಹುದಾ?

ಉತ್ತರ: ಅರ್ಧ ನಂಬಬಹುದು. ಬಿಳಿ ಬಟ್ಟೆಯನ್ನು ಹೊಳೆಯಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಆದ್ದರಿಂದ ಬಿಳಿ ಗೆರೆ ನೀಲಿಯಾಗಿ ಉರಿದ ಹಾಗೆ ಹೊಳೆದರೆ ಅನುಮಾನ ಪಡಿ. ಆದರೆ ಯಾರೋ ನಿಜವಾದ ಹಳೇ ರಿಬ್ಬನ್ನನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಹೊಳೆಯದೇ ಇದ್ದರೆ ಅಸಲಿ ಅಂತಲೂ ಅಲ್ಲ, ಆ ರಾಸಾಯನಿಕ ಇಲ್ಲದ ನೂಲು ಈಗಲೂ ಸಿಗುತ್ತದೆ. ಕತ್ತರಿಸಿದ ಅಂಚಿನಿಂದ ಒಂದೇ ಒಂದು ಎಳೆ ತೆಗೆದು ಸುಟ್ಟು ನೋಡುವುದೂ ಉಂಟು. ಹತ್ತಿಯಾಗಲಿ ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ನೂಲು) ಆಗಲಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಎಲ್ಲೆಡೆ ಬಂದಿದ್ದು 1950ರ ದಶಕದಲ್ಲಿ, ಆದ್ದರಿಂದ ಮಣಿ ಬಂದರೆ ಅಲ್ಲಿಗೆ ಮುಗಿಯಿತು.

ಮೊದಲ ಪ್ರಶ್ನೆಯವರು: ತುಂಬಾ ಥ್ಯಾಂಕ್ಸ್ ಮೇಡಂ. ನೋಡಿದೆ, ನೀವು ಹೇಳಿದ ಹಾಗೇ ಕಪ್ಪು ಭಾಗವೇ ಉದುರುತ್ತಿದೆ. ಇನ್ನೊಂದು ಕೇಳಲಾ? ಮುಂದಿನ ವರ್ಷ ಊರಿಗೆ ವಾಪಸ್ ಬರುತ್ತೇವೆ, ಮಂಗಳೂರಿನಲ್ಲಿ ಮನೆ. ಅಲ್ಲಿಯ ಮಳೆಗಾಲಕ್ಕೆ ಇದು ತಡೆಯುತ್ತಾ? ಮತ್ತೆ, ಕೆಂಪು ರಿಬ್ಬನ್ ಏನು ಮಾಡಲಿ?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಪದಕದ ನಡುಭಾಗ ಕಪ್ಪು ಬಳಿದ ಕಬ್ಬಿಣ, ಸುತ್ತಲಿನ ಚೌಕಟ್ಟು ಬೆಳ್ಳಿಯದಿರಬಹುದು. ಅಯಸ್ಕಾಂತ ಹಿಡಿದರೆ ನಡುಭಾಗ ಅಂಟಬೇಕು. ಮಂಗಳೂರಿನ ಜೂನ್, ಜುಲೈ ತೇವಕ್ಕೆ ಆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ರಿಬ್ಬನ್ನಿಗೂ ಇಳಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಪದಕ ಇಡಿ. ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ಹಳೇ ಚೂರನ್ನು ಮಾತ್ರ ಬೇರೆ ಡಬ್ಬಿಯಲ್ಲಿಡಿ, ರೇಷ್ಮೆಗೆ ಅಷ್ಟೊಂದು ಒಣ ಗಾಳಿ ಬೇಡ, 50% ಆಸುಪಾಸಿನ ತೇವ ಸಾಕು. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಗೋಡೆಗೆ ತೂಗುಹಾಕುವ ಆಸೆ ಇದ್ದರೆ ಬಿಸಿಲು ಬೀಳದ ಗೋಡೆ ನೋಡಿ.

ಕೆಂಪು ರಿಬ್ಬನ್ನನ್ನು ಬಿಚ್ಚಿ ಬೇರೆ ಕವರಿನಲ್ಲಿಡಿ, ಎಲ್ಲಿಂದ ಬಂತು ಅಂತ ಬರೆದಿಡಿ. ಆದರೆ ಅದಕ್ಕೆ ಹೊಂದಿಸಲು ಅಂತ 1939ರ ಪದಕ ಹುಡುಕಿಕೊಂಡು ಹೋಗುವ ಮುಂಚೆ ಒಂದು ಮಾತು. ಅದರ ನಡುವೆ ನಾಜಿಗಳ ಚಿಹ್ನೆಯಾದ ಸ್ವಸ್ತಿಕ ಇದೆ, ಮತ್ತು ನೀವು ಈಗ ಇರುವುದು ಜರ್ಮನಿಯಲ್ಲಿ. ಅಲ್ಲಿನ ದಂಡ ಸಂಹಿತೆಯ 86ಎ ಕಲಂ ಪ್ರಕಾರ ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. 1957ರ ಕಾನೂನು ಹಳೇ ಸೈನಿಕರಿಗೆ ಆ ಪದಕ ಧರಿಸಲು ಬಿಟ್ಟಿದ್ದೂ ಸ್ವಸ್ತಿಕ ತೆಗೆದ ರೂಪದಲ್ಲಿ ಮಾತ್ರ, ಅದರಲ್ಲಿ ನಡುವೆ ಓಕ್ ಎಲೆ ಇದೆ. ನಿಮ್ಮ 1914ರದ್ದಕ್ಕೆ ಈ ತೊಂದರೆ ಇಲ್ಲ, ನಿಶ್ಚಿಂತೆಯಿಂದಿರಿ. ಹೊಸ ರಿಬ್ಬನ್ ಬಂದ ಮೇಲೆ ಹಳೇ ಚೂರಿನ ಪಕ್ಕ ಇಟ್ಟು ಒಂದು ಫೋಟೋ ಹಾಕಿ. ಗೆರೆಯ ಅಗಲ ಸರಿ ಇದೆಯಾ ಅಂತ ನೋಡಿ ಹೇಳುತ್ತೇನೆ, ಆಮೇಲೆ ಪೋಣಿಸಿ.