ಬೋಟಿನೊಳಗೆ ಎಲ್ಲಿಂದಲೋ ‘ಗರ್ರ್… ಟಕ್’ ಸದ್ದು, ಜಾಗವೇ ಸಿಗುತ್ತಿಲ್ಲ

ನೀಲಿಹಾಯಿ: ಈ ಸದ್ದಿನಿಂದ ತಲೆ ಕೆಟ್ಟುಹೋಗಿದೆ. 32 ಅಡಿ ಫೈಬರ್ ಬೋಟ್, ಒಳಗೇ ಡೀಸೆಲ್ ಇಂಜಿನ್. ಹಿಂಭಾಗದಲ್ಲಿ ಎರಡು ಸೆಕೆಂಡ್ ‘ಗರ್ರ್’, ಕೊನೆಗೆ ಒಂದು ‘ಟಕ್’. ನೆಲದ ಹಲಗೆ ಎಲ್ಲ ಎತ್ತಿ ನೋಡಿದ್ದಾಯ್ತು, ಯಾವುದೂ ಸಡಿಲ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಶಾಫ್ಟ್25: ಪ್ರೊಪೆಲರ್ ತಿರುಗಿಸುವ ಶಾಫ್ಟಿನ ರಬ್ಬರ್ ಬೇರಿಂಗ್ ಸವೆದಿದೆ, ಬೇರೇನೂ ಅಲ್ಲ. ಬೋಟ್ ಮೇಲೆತ್ತಿ, ಪ್ರೊಪೆಲರ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. 25 ಮಿ.ಮೀ. ಶಾಫ್ಟಿಗೆ ಒಂದೂವರೆ ಮಿ.ಮೀ. ಆಟ (ಸಡಿಲ) ಬಂದರೆ ಬದಲಿಸಲೇಬೇಕು. ಶಾಫ್ಟನ್ನು ಇಂಜಿನ್ ಕಡೆಗೆ ಸೇರಿಸುವ ಕಪ್ಲಿಂಗ್ ಬಿಚ್ಚಿ, ಸಂದು ಅಳೆಯುವ ಫೀಲರ್ ಗೇಜನ್ನೂ ಹಾಕಿ. ಕಪ್ಲಿಂಗಿನ ಚಪ್ಪಟೆ ಮುಖ, ಅಂದರೆ ಫ್ಲಾಂಜ್, 100 ಮಿ.ಮೀ. ಇದ್ದರೆ ಸುತ್ತಲೂ ಸಂದಿನಲ್ಲಿ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಹಳೇಲಂಗರು: ಅಲೈನ್‌ಮೆಂಟ್ (ಶಾಫ್ಟ್ ಇಂಜಿನ್ನಿಗೆ ನೇರವಾಗಿದೆಯೇ ಎಂಬುದು) ನೀರಿನಲ್ಲೇ ನೋಡಬೇಕು. ದಡದಲ್ಲಿ ಆಧಾರ ಕೊಟ್ಟ ಕಡೆ ತಳ ಬಾಗುತ್ತದೆ. ನೀರಿಗಿಳಿಸಿ ಒಂದು ದಿನ ಬಿಟ್ಟು ಅಳೆಯಿರಿ.

ಶಾಫ್ಟ್25: ಮೇಲೆತ್ತಿ ಅಂದದ್ದು ಬೇರಿಂಗಿಗೆ. ಸರಿಯಾಗಿ ಓದಿ.

ಹಳೇಲಂಗರು: ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದು ನೀವೇ. ಹೊಸಬರು ದಡದಲ್ಲೇ ಕಪ್ಲಿಂಗ್ ಬಿಚ್ಚಿಕೊಂಡು ಕೂರುತ್ತಾರೆ.

ಬಿಲ್ಜ್‌ಬುಡ: ಸದ್ದು ಬರುವಾಗ ಇಂಜಿನ್ ಓಡ್ತಾ ಇರುತ್ತಾ?

ನೀಲಿಹಾಯಿ: ಇಲ್ಲ ಸಾರ್, ರಾತ್ರಿ ಲಂಗರು ಹಾಕಿ ಮಲಗಿದ ಮೇಲೆ. ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ. ಹೇಳಿರಲಿಲ್ಲವಾ?

ಶಾಫ್ಟ್25: ನೀರಿನ ಸೆಳೆತಕ್ಕೆ ಪ್ರೊಪೆಲರ್ ತಿರುಗುತ್ತಿರಬಹುದು. ಗೇರಿಗೆ ಹಾಕಿ ನೋಡಿ.

ಬಿಲ್ಜ್‌ಬುಡ: ಹಾಗಿದ್ದರೆ ಪ್ರತಿ ಸಲ ಎರಡೇ ಸೆಕೆಂಡಿಗೆ ನಿಲ್ಲುತ್ತಿರಲಿಲ್ಲ. ಇದು ನಲ್ಲಿಗಳಿಗೆ ನೀರು ತಳ್ಳುವ ಸಿಹಿನೀರಿನ ಪ್ರೆಶರ್ ಪಂಪ್. ಎಲ್ಲೋ ನೀರು ಹನಿದು ಒತ್ತಡ ಇಳಿಯುತ್ತಿದೆ, ಸ್ವಿಚ್ ಪಂಪನ್ನು ಎಬ್ಬಿಸುತ್ತಿದೆ. ‘ಟಕ್’ ಬಹುಶಃ ಕ್ಲಿಪ್ ಬಿಟ್ಟ ಪೈಪ್ ಹಲಗೆಗೆ ಬಡಿಯುವುದು. ಫೈಬರ್ ತಳ ಸದ್ದನ್ನು ಎಲ್ಲಿಗೋ ಒಯ್ಯುತ್ತದೆ, ಕಿವಿ ನಂಬಿ ಹುಡುಕಬೇಡಿ.
ಪಂಪಿನ ಬ್ರೇಕರ್ ಆಫ್ ಮಾಡಿ ಅರ್ಧ ಗಂಟೆ ಕಾಯಿರಿ. ಸದ್ದಿಲ್ಲದಿದ್ದರೆ ಮತ್ತೆ ಆನ್ ಮಾಡಿ, ಪಂಪ್ ದಾಟಿದ ತಕ್ಷಣ ಇರುವ ವಾಲ್ವ್ ಮುಚ್ಚಿ. ಆಗಲೂ ಪಂಪ್ ಏಳುತ್ತಲೇ ಇದ್ದರೆ ಅದರೊಳಗಿನ ವಾಲ್ವಿನಲ್ಲಿ ಕಸ ಸಿಕ್ಕಿದೆ. ಸುಮ್ಮನಿದ್ದರೆ ಸೋರಿಕೆ ಮುಂದಿದೆ. ಪ್ರತಿ ಜಾಯಿಂಟಿನ ಕೆಳಗೂ ಒಣ ಟಿಶ್ಯೂ ಇಡಿ. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಗೀಸರಿನ ಸೇಫ್ಟಿ ವಾಲ್ವ್ ಮೊದಲು ನೋಡಿ. ಅದರ ಹನಿ ಪೈಪಿನಲ್ಲಿ ಸೀದಾ ಬಿಲ್ಜಿಗೆ (ಬೋಟಿನ ತಳದಲ್ಲಿ ನೀರು ಸೇರುವ ಜಾಗಕ್ಕೆ) ಹೋದರೆ ಗೊತ್ತೇ ಆಗುವುದಿಲ್ಲ.

ಹಳೇಲಂಗರು: ಲೈನಿನ ಒತ್ತಡ ಹಿಡಿದಿಡುವ ಅಕ್ಯುಮ್ಯುಲೇಟರ್ ಟ್ಯಾಂಕ್ ಹಾಕಿಬಿಡಿ. ನನ್ನ ಬೋಟಿನಲ್ಲಿ 8 ಲೀಟರಿನದಿದೆ, ಪಂಪ್ ಏಳುವುದೇ ಅಪರೂಪ. ಲೈನ್ ಖಾಲಿ ಮಾಡಿ, ಪಂಪ್ ಆನ್ ಆಗುವ ಒತ್ತಡಕ್ಕಿಂತ ತುಸು ಕಮ್ಮಿ ಗಾಳಿ ತುಂಬಬೇಕು.

ಬಿಲ್ಜ್‌ಬುಡ: ಸೋರಿಕೆ ನಿಲ್ಲಿಸಿದ ಮೇಲೆ ಹಾಕಲಿ. ಈಗ ಹಾಕಿದರೆ ಸದ್ದು ಕಮ್ಮಿಯಾಗುತ್ತದೆ, ನೀರು ಹೋಗುತ್ತಲೇ ಇರುತ್ತದೆ.

ನೀಲಿಹಾಯಿ: ಬ್ರೇಕರ್ ಆಫ್ ಮಾಡಿದೆ, ಸದ್ದಿಲ್ಲ. ವಾಲ್ವ್ ಮುಚ್ಚಿದಾಗಲೂ ಇಲ್ಲ. ಜಾಯಿಂಟ್‌ಗಳ ಟಿಶ್ಯೂ ಯಾವುದೂ ಒದ್ದೆಯಾಗಿಲ್ಲ. ಗೀಸರ್ ವಾಲ್ವಿನ ಪೈಪಿನ ತುದಿಗಿಟ್ಟದ್ದು ಮಾತ್ರ ಬೆಳಿಗ್ಗೆ ಮುದ್ದೆಯಾಗಿ ತಳಕ್ಕೆ ಅಂಟಿಕೊಂಡಿತ್ತು! ಇನ್ನೊಂದು, ತಳದಿಂದ ಒಣ ಪುಳ್ಳೆ ಉರಿದ ಹಾಗೆ ಚಟಪಟ ಸದ್ದೂ ಬರುತ್ತದೆ. ಅದೂ ಪೈಪಾ?

ಬಿಲ್ಜ್‌ಬುಡ: ಉಪ್ಪುನೀರಿನಲ್ಲಿದ್ದರೆ ಅದು ಪಿಸ್ತೂಲ್ ಸಿಗಡಿ. ಕೊಂಡಿ ಸಟ್ಟನೆ ಮುಚ್ಚಿದಾಗ ಹುಟ್ಟುವ ಗುಳ್ಳೆ ಒಡೆಯುವ ಸದ್ದು, ಬೋಟಿಗೆ ಏನೂ ಆಗಿಲ್ಲ. ವಾಲ್ವ್ ವಿಷಯ: ನೀರು ಕಾಯುವಾಗ ಹನಿದರೆ ಸಹಜ, ತಣ್ಣಗಿದ್ದಾಗಲೂ ಹನಿದರೆ ಅದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಗೀಸರ್ ಪೂರ್ತಿ ಆರಿದ ಮೇಲೆ ವಾಲ್ವಿನ ಹಿಡಿ ಎರಡು ಮೂರು ಸಲ ಎತ್ತಿಬಿಡಿ, ಕಸ ಇದ್ದರೆ ತೊಳೆದುಹೋಗುತ್ತದೆ. ನಿಲ್ಲದಿದ್ದರೆ ಅಷ್ಟೇ ಒತ್ತಡದ ಹೊಸದು ಹಾಕಿ. ಏನೇ ಆಗಲಿ ಅದರ ಬಾಯಿ ಮಾತ್ರ ಮುಚ್ಚಬೇಡಿ, ಗೀಸರ್ ಸಿಡಿಯುತ್ತದೆ.

ಶಾಫ್ಟ್25: ಮುಂದಿನ ಸಲ ಮೇಲೆತ್ತಿದಾಗ ಆ ಬೇರಿಂಗನ್ನೂ ಒಮ್ಮೆ ಅಲುಗಾಡಿಸಿ ನೋಡಿ.